ಹಂದಿಯ ಬೆನ್ನು ಹತ್ತಿ ಒಂದು ಹಗಲು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವೆಂಬ ಒಂದು ಕಲ್ಲು ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಿಂದ ಬಂದ ಈ ಕಲ್ಲಿಗೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ನಡೆದ ಯುದ್ಧದ ಸಂಗತಿಯನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಕೃಷ್ಣನ ಕಡೆಗೆ ನಿಂತ ಗಂಗರ ಬೂತುಗನ ಬಳಿ ಮಣಲೇರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಒಂದು ಗುಡ್ಡದಲ್ಲಿ ಭಾರಿಯ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಕಾಳಿಯ ನೆನಪಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಅಲ್ಲಿಯ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟಳೆಯನ್ನೂ ಮಾಡಿದರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಕಾದುವ ಶಿಲ್ಪವಿದೆ.

ವಿದ್ಯಾರ್ಥಿಯಾಗಿ ಬೆಂಗಳೂರಿಗೆ ಹೋಗಿದ್ದಾಗ, 1971ರಲ್ಲಿ, ನಾನು ಆ ಕಲ್ಲನ್ನು ಮೊದಲು ನೋಡಿದೆನು. ಜೊತೆಗಿದ್ದ ಗೆಳೆಯರು ರಾಜರ ಹೆಸರುಗಳನ್ನು ಬರೆದುಕೊಂಡು ಮುಂದಿನ ಕೋಣೆಗೆ ಹೋದರು. ನಾನು ಮಾತ್ರ ಶಿಲ್ಪದ ಮುಂದೆ ನಿಂತೇ ಇದ್ದೆನು. ಕಲ್ಲಿನಲ್ಲಿ ಅಷ್ಟೊಂದು ಹೆಸರುಗಳಿವೆ. ಗುಡ್ಡದ ಬುಡದಲ್ಲಿ ಕಾಳಿಯ ಹಗ್ಗವನ್ನು ಹಿಡಿದು ನಿಂತಿದ್ದವನು ಯಾರು? ಅದನ್ನು ಬಿಟ್ಟ ಕೈ ಯಾರದು? ಇದು ಇತಿಹಾಸದ ಪ್ರಶ್ನೆಯಲ್ಲ. ಆದರೆ ನನಗೆ ಅದನ್ನು ಬಿಟ್ಟು ಬೇರೆ ಪ್ರಶ್ನೆ ಹೊಳೆಯದಿರುವುದಕ್ಕೆ ಕಾರಣವಿತ್ತು.

ನಮ್ಮದು ತೀರ್ಥಹಳ್ಳಿಯ ಕಡೆಯ ಒಂದು ಒಂಟಿಮನೆ. ಮನೆಯ ಮುಂದೆ ಅಡಕೆಯ ತೋಟ, ಅದರಾಚೆ ಗದ್ದೆಯ ಕೋಗು, ಗದ್ದೆ ಮುಗಿದಲ್ಲಿಗೆ ಕಾನು. ನಾನು ಹೇಳುವುದು 1965ರ ಮಾತು. ಆಗ ನನಗೆ ಹದಿನಾಲ್ಕು ವರ್ಷ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು 1972ರಲ್ಲಿ. ಅಲ್ಲಿಂದೀಚೆಗೆ ಅಂತಹ ಬೇಟೆ ಅಪರಾಧವಾಯಿತು. ಹಾಗಾದುದು ಒಳ್ಳೆಯದೇ ಆಯಿತೆಂದು, ಹಂದಿಯಿಂದ ಗದ್ದೆ ಕಳೆದುಕೊಂಡವರ ಮನೆಯಲ್ಲಿ ಹುಟ್ಟಿಯೂ, ನಾನು ಹೇಳಬಲ್ಲೆ. ಆದರೆ ಅಂದಿನ ದಿನಗಳಲ್ಲಿ ಬತ್ತ ಹಾಲುಗಟ್ಟುವ ಹೊತ್ತಿನಿಂದ ಕೊಯ್ಲು ಮುಗಿಯುವವರೆಗೆ ಹಂದಿಯ ಭಯ ನಮ್ಮನ್ನು ಬಿಡುತ್ತಿರಲಿಲ್ಲ. ಮಾಳದ ಮೇಲೆ ಕುಳಿತು, ಕಂಬಳಿ ಹೊದೆದು, ಬೆಂಕಿ ಹಾಕಿ, ತಗಡು ಬಡಿದು ರಾತ್ರಿಯೆಲ್ಲ ಕಾದರೂ, ಬೆಳಗಿನ ಜಾವದಲ್ಲಿ ಕಣ್ಣು ಮುಚ್ಚಿದ ಅರ್ಧ ಗಳಿಗೆಯಲ್ಲಿ ಒಂದು ಗದ್ದೆ ಹೋಗಿಬಿಡುತ್ತಿತ್ತು. ಹಂದಿ ತಿನ್ನುವುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು.

ಆ ವರ್ಷ ನಮ್ಮ ಗದ್ದೆಗೆ ಬಿದ್ದದ್ದು ಒಂಟಿಗ. ಗುಂಪನ್ನು ಬಿಟ್ಟು ತಾನೊಂದೇ ತಿರುಗುವ ಬಲಿತ ಗಂಡು ಹಂದಿಗೆ ನಮ್ಮ ಕಡೆ ಹಾಗೆ ಕರೆಯುತ್ತಾರೆ. ಅದರ ಹೆಗಲಿನ ಮೇಲೆ ಚರ್ಮದ ಅಡಿಯಲ್ಲಿ ಗುರಾಣಿಯಂತೆ ಗಟ್ಟಿಯಾದ ಪದರವಿರುತ್ತದೆ. ಎಷ್ಟೋ ವೇಳೆ ಚರೆಯ ಈಡು ಅದನ್ನು ದಾಟುವುದಿಲ್ಲ. ಕೆಳಗಿನ ಕೋರೆಗಳು ಮೇಲಿನ ಕೋರೆಗಳಿಗೆ ಸದಾ ಉಜ್ಜಿ ಉಜ್ಜಿ ಸಾಣೆ ಹಿಡಿದ ಕತ್ತಿಯಂತಾಗುತ್ತವೆ. ಹಂದಿ ಗೂಳಿಯಂತೆ ಗುದ್ದುವುದಿಲ್ಲ. ತಲೆಯನ್ನು ತಗ್ಗಿಸಿ ನುಗ್ಗಿ, ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ನೋಡಿದವರಿಗೆ ಮುಟ್ಟಿತೋ ಇಲ್ಲವೋ ಎಂದು ಸಂಶಯ ಬರುವಷ್ಟರಲ್ಲಿ ನಾಯಿಯ ಮೈ ಎರಡಾಗಿರುತ್ತದೆ.

ನಮ್ಮ ಮನೆಯಲ್ಲಿ ಆಗ ಐದು ನಾಯಿಗಳಿದ್ದವು. ಎಲ್ಲವೂ ಊರ ನಾಯಿಗಳೇ. ಗೌರಿ ಎಂಬ ಬಿಳಿಯ ಹೆಣ್ಣುನಾಯಿಯ ಮೂಗಿಗೆ ಸರಿಸಾಟಿಯಿರಲಿಲ್ಲ. ಬೋಳನಿಗೆ ಧ್ವನಿ ದೊಡ್ಡದು, ಧೈರ್ಯ ಸಾಧಾರಣ. ಇನ್ನೆರಡು ಹುಡುಗುಬುದ್ಧಿಯ ಮರಿಗಳು. ಸಿಪಾಯಿ ಇವರೆಲ್ಲರಿಗೂ ಮುಂದಾಳು. ಕೆಂಚು ಬಣ್ಣ, ಹರಿದ ಎಡಗಿವಿ, ಮನೆಯಲ್ಲಿರುವಾಗ ಮಹಾ ಸೋಮಾರಿ. ಕೋಳಿಗಳು ಅದರ ಬೆನ್ನಿನ ಮೇಲೆ ಹತ್ತಿ ನಿಂತರೂ ಕಣ್ಣು ತೆರೆಯುತ್ತಿರಲಿಲ್ಲ. ಕೋವಿಯನ್ನು ಗೋಡೆಯ ಗೂಟದಿಂದ ಕೆಳಗಿಳಿಸಿದ ಶಬ್ದವೊಂದಕ್ಕೆ ಮಾತ್ರ ಅದು ಎದ್ದು ನಿಲ್ಲುತ್ತಿತ್ತು.

ನಾಯಿಗಳನ್ನು ಸಾಕಿ ತಿದ್ದಿದವನು ನಮ್ಮ ಮನೆಯ ಒಬ್ಬ ಮುದುಕ. ಊರಿಗೆಲ್ಲ ಅವನು ಬೇಟೆಯಜ್ಜ. ಕೋವಿ ಹಿಡಿದವನಲ್ಲ, ಹಿಡಿದು ನೋಡೆಂದರೆ ನಗುತ್ತಿದ್ದನು. ಹಂದಿಯ ಹೆಜ್ಜೆಯನ್ನು ನೋಡಿ ಅದು ಯಾವ ಹೊತ್ತಿನಲ್ಲಿ ಹೋಯಿತು, ಹೊಟ್ಟೆ ತುಂಬಿ ಹೋಯಿತೋ ಹಸಿದು ಹೋಯಿತೋ ಎಂಬುದನ್ನು ಹೇಳುತ್ತಿದ್ದನು. ಕೆಸರಿನಲ್ಲಿ ಮುಂದಿನ ಎರಡು ಗೊರಸುಗಳ ಹಿಂದೆ ಚಿಕ್ಕ ಗೊರಸುಗಳೆರಡು ಅಗಲವಾಗಿ ಒತ್ತಿದ್ದರೆ ಅದು ಹಂದಿಯೇ ಹೊರತು ಜಿಂಕೆಯಲ್ಲವೆಂದು ನನಗೆ ಮೊದಲು ತೋರಿಸಿಕೊಟ್ಟವನೂ ಅವನೇ.

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಆರುವ ಮೊದಲೇ, ನೆರೆಯ ಮನೆಗಳವರೂ ಸೇರಿ ಹತ್ತು ಹನ್ನೆರಡು ಮಂದಿ ಹೊರಟೆವು. ನಮ್ಮ ಚಿಕ್ಕಯ್ಯನವರ ಕೈಯಲ್ಲಿ ತೋಟಾ ಕೋವಿ. ಉಳಿದವು ಮೂರು ಕೇಪಿನ ಕೋವಿಗಳು. ಒದ್ದೆ ನೆಲದಲ್ಲಿ ವಾಸನೆ ನಿಲ್ಲುತ್ತದೆ, ಬಿಸಿಲೇರಿದರೆ ಆರಿಹೋಗುತ್ತದೆ. ಆದುದರಿಂದ ಹಂದಿಯ ಬೇಟೆಗೆ ಮುಂಜಾವವೇ ಹೊತ್ತು. ಹೆಜ್ಜೆಯು ಗದ್ದೆಯಿಂದ ಹೊರಟು, ಹಳ್ಳವನ್ನು ದಾಟಿ, ವಾಟೆಯ ಮೆಳೆಗಳಿದ್ದ ಒಂದು ದಟ್ಟವಾದ ಹಳುವಿಗೆ ಹೋಗಿ ಸೇರಿತ್ತು. ಹಂದಿ ಅಲ್ಲಿಯೇ ಹಕ್ಕೆಯಲ್ಲಿ ಮಲಗಿದೆಯೆಂದು ಬೇಟೆಯಜ್ಜನು ನಿಶ್ಚಯಿಸಿದನು. ಕೋವಿಯವರು ಕೆಳಗಿನ ಕಂಡಿಗಳಲ್ಲಿ ಬಿಲ್ಲಿಗೆ ನಿಂತರು. ಅಜ್ಜನೂ ಸೋವಿನವರೂ ಹಳುವನ್ನು ಸುತ್ತಿ ಮೇಲುಗಡೆಗೆ ಹೋಗಬೇಕು. ಅವರು ಅಲ್ಲಿ ಸೇರಿ ಕೂ ಹಾಕಿದ ಮೇಲೆ ನಾಯಿಗಳನ್ನು ಬಿಡಬೇಕು. ಆಗ ಹಂದಿಗೆ ಕೆಳಗಲ್ಲದೆ ಬೇರೆ ದಾರಿಯಿಲ್ಲ. ಇದು ಏರ್ಪಾಡು.

ನಾಯಿಗಳ ಹಗ್ಗವನ್ನು ಹಿಡಿಯುವ ಕೆಲಸ ಆ ದಿನ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿತು. ಬೋಳನನ್ನೂ ಮರಿಗಳನ್ನೂ ಇನ್ನೊಬ್ಬ ಹುಡುಗನು ಹಿಡಿದಿದ್ದನು. ಗೌರಿ ಮತ್ತು ಸಿಪಾಯಿ ನನ್ನ ಕೈಯಲ್ಲಿ. ಕೊರಳಪಟ್ಟಿಯ ಬಳೆಯೊಳಗೆ ಹಗ್ಗವನ್ನು ತೂರಿಸಿ ಅದರ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದಿರಬೇಕು. ಬಿಡಬೇಕಾದಾಗ ಒಂದು ತುದಿಯನ್ನು ಸಡಿಲಬಿಟ್ಟರೆ ಹಗ್ಗ ಜಾರಿ ನಾಯಿ ತಾನೇ ಬಿಡುಗಡೆಯಾಗುತ್ತದೆ. ಗಂಟಿಲ್ಲ, ಕೊಕ್ಕೆಯಿಲ್ಲ.

"ಸಣ್ಣಯ್ಯಾ, ನಾ ಕೂ ಹಾಕೋ ತನಕ ಹಗ್ಗ ಬಿಡಬ್ಯಾಡಿ" ಎಂದು ಹೇಳಿ ಅಜ್ಜನು ಹೊರಟುಹೋದನು.

ಕಾಯುವುದು ಎಷ್ಟು ಕಷ್ಟವೆಂಬುದು ಕಾದವರಿಗೇ ಗೊತ್ತು. ಇಬ್ಬನಿ ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿತ್ತು. ಉಂಬಳವೊಂದು ಕಾಲಿಗೆ ಹತ್ತಿದ್ದರೂ ಕೈ ಬಿಡುವಂತಿಲ್ಲ. ಅಷ್ಟರಲ್ಲಿ ಮೆಳೆಯ ಒಳಗೆ ಏನೋ ಕದಲಿತು. ಸಿಪಾಯಿಯ ಮೈಯೆಲ್ಲ ತಂತಿಯಂತೆ ಬಿಗಿಯಿತು. ಗಂಟಲಿನಲ್ಲಿಯೇ ಸಣ್ಣಗೆ ಕುಂಯ್‌ಗುಟ್ಟಿ, ತಲೆಯೆತ್ತಿ ನನ್ನ ಮುಖವನ್ನು ನೋಡಿತು. ಹಂದಿ ಎದ್ದು ಹೋಗುತ್ತಿದೆ, ಈಗ ಬಿಡದಿದ್ದರೆ ಬೇಟೆ ಕೈತಪ್ಪಿತು ಎಂದು ನನಗೆ ತೋರಿತು. ನಿಜವಾಗಿ ಹಾಗೆ ತೋರಿತೋ, ಅಥವಾ ಹಂದಿಯನ್ನು ಎಬ್ಬಿಸಿದವನು ನಾನೇ ಎನ್ನಿಸಿಕೊಳ್ಳುವ ಆಸೆಯೋ, ಇಷ್ಟು ವರ್ಷಗಳ ಮೇಲೂ ನಾನು ಪ್ರಮಾಣ ಮಾಡಿ ಹೇಳಲಾರೆ. ಕೂ ಇನ್ನೂ ಕೇಳಿರಲಿಲ್ಲ. ನಾನು ಹಗ್ಗದ ತುದಿಯನ್ನು ಬಿಟ್ಟೆನು.

ಮುಂದಿನದು ಕ್ಷಣಾರ್ಧದಲ್ಲಿ ನಡೆದುಹೋಯಿತು. ಗೌರಿಯ ಬೊಗಳು, ಸಿಪಾಯಿಯ ಬೊಗಳು, ಮೆಳೆ ಮುರಿಯುವ ಸದ್ದು. ಅದನ್ನು ಕೇಳಿ ಇನ್ನೊಬ್ಬ ಹುಡುಗನೂ ತನ್ನ ನಾಯಿಗಳನ್ನು ಬಿಟ್ಟನು. ಸೋವಿನವರು ಇನ್ನೂ ಅರ್ಧ ದಾರಿಯಲ್ಲಿದ್ದರು. ಮೇಲುಗಡೆಯ ಕಂಡಿ ಬರಿದಾಗಿತ್ತು. ಕಪ್ಪು ಬಂಡೆಯೊಂದು ಉರುಳಿದಂತೆ ಹಂದಿ ಆ ಕಂಡಿಯಿಂದಲೇ ಏರಿ, ಬಿಲ್ಲಿಗೆ ನಿಂತವರಿಗೆ ಬೆನ್ನು ತೋರಿಸಿ, ಬ್ಯಾಣವನ್ನು ದಾಟಿ ಕಾನಿಗೆ ಬಿದ್ದಿತು. ಅದರ ಹಿಂದೆ ಐದು ನಾಯಿಗಳು.

"ಬೇಗ ಎದ್ದುಬಿಟ್ಟಿತಲ್ಲ!" ಎಂದರು ಚಿಕ್ಕಯ್ಯ. ಎಲ್ಲರೂ ಹಂದಿಯನ್ನು ಬಯ್ದರು. ನಾನು ಸುಮ್ಮನಿದ್ದೆನು.

ಬೆನ್ನಟ್ಟುವುದೆಂದರೆ ಓಡುವುದೆಂದು ಕೇಳಿದವರು ತಿಳಿಯುತ್ತಾರೆ. ಓಡುವುದು ನಾಯಿಯ ಪಾಲು. ಮನುಷ್ಯನ ಪಾಲು ಕೇಳುವುದು. ಕಾನಿನಲ್ಲಿ ಹತ್ತು ಮಾರಿನಾಚೆ ಏನೂ ಕಾಣಿಸುವುದಿಲ್ಲ. ನಾಯಿಗಳ ಕೊರಳನ್ನು ಕೇಳಿಯೇ ಎಲ್ಲವನ್ನೂ ತಿಳಿಯಬೇಕು. ಜಾಡಿನಲ್ಲಿ ಓಡುವ ನಾಯಿಯ ಬೊಗಳು ಬಿಟ್ಟುಬಿಟ್ಟು ಬರುತ್ತದೆ. ಹಂದಿ ಕಣ್ಣಿಗೆ ಬಿದ್ದಾಗ ಅದು ಕೀರಲಾಗುತ್ತದೆ. ಹಂದಿ ನಿಂತು ತಿರುಗಿಬಿದ್ದಾಗ ಬೊಗಳು ಒಂದೇ ಜಾಗದಿಂದ, ಬಡಿಗೆ ಬಡಿದಂತೆ, ಬಿಡದೆ ಬರುತ್ತದೆ. ನಾಯಿ ತಡೆದವು ಎನ್ನುವುದು ಅದಕ್ಕೇ. ಬೇಟೆಯಜ್ಜನು ಪ್ರತಿಯೊಂದು ದಿಣ್ಣೆಯ ಮೇಲೂ ನಿಂತು, ಕಿವಿಯ ಹಿಂದೆ ಕೈಯಿಟ್ಟು ಆಲಿಸಿ, ಒಂದು ಮಾತೂ ಆಡದೆ ಇಳಿಜಾರಿನಲ್ಲಿ ಹೆಜ್ಜೆ ಹಾಕುತ್ತಿದ್ದನು. ನಾವು ಅವನ ಹಿಂದೆ.

ಮೊದಲನೆಯ ತಡೆ ಒಂದು ಹೆಬ್ಬಿದಿರಿನ ಹಿಂಡಿಲಿನಲ್ಲಿ. ಹಂದಿಗೆ ಬೆನ್ನಿಗೊಂದು ಆಸರೆ ಸಿಕ್ಕಿದರೆ ಸಾಕು, ಎದುರಿಗೆ ಎಷ್ಟು ನಾಯಿಗಳಿದ್ದರೂ ಅಂಜುವುದಿಲ್ಲ. ನಾವು ಸೇರುವಷ್ಟರಲ್ಲಿ ಅದು ನಾಯಿಗಳನ್ನು ಸೀಳಿಕೊಂಡು ಹೊರಟುಹೋಗಿತ್ತು. ಬೋಳನು ಹಿಂದೊಡೆಯಲ್ಲಿ ಒಂದು ಗೇಣು ಸೀಳು ಮಾಡಿಸಿಕೊಂಡು ಕುಳಿತಿದ್ದನು. ಅಜ್ಜನು ತನ್ನ ಎಲೆಯಡಕೆಯ ಸಂಚಿಯಿಂದ ಸೂಜಿದಾರವನ್ನು ತೆಗೆದು, ಗೋಣಿಯ ಬಾಯಿ ಹೊಲಿಯುವಂತೆ ಗಾಯವನ್ನು ಹೊಲಿದನು. ಬೋಳನು ಅವನ ಕೈಯನ್ನು ನೆಕ್ಕುತ್ತಿದ್ದನು. ಇಬ್ಬರು ಅವನನ್ನೂ ದಣಿದ ಮರಿಗಳನ್ನೂ ಕರೆದುಕೊಂಡು ಮನೆಗೆ ಹಿಂತಿರುಗಿದರು.

ಹೊತ್ತು ಏರುತ್ತ ಬಂದಿತು. ಎರಡನೆಯ ತಡೆ, ಮೂರನೆಯ ತಡೆ. ಪ್ರತಿ ಸಲವೂ ನಾವು ಒಂದು ದಿಣ್ಣೆ ಹಿಂದೆ. ಮಧ್ಯಾಹ್ನದ ಹೊತ್ತಿಗೆ ಬೊಗಳು ಕೇಳಿಸದಾಯಿತು. ಹಂದಿಗೆ ಬೆವರಿ ಮೈಯನ್ನು ತಣಿಸಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಕೆಸರಿನಲ್ಲಿ ಹೊರಳುವುದು ಅದಕ್ಕೆ ಕೊಳಕಿನ ಚಟವಲ್ಲ, ಬದುಕುವ ಉಪಾಯ. ಬೆನ್ನಟ್ಟಿಸಿಕೊಂಡ ಹಂದಿ ಬಿಸಿಲೇರಿದಂತೆ ನೀರನ್ನು ಹುಡುಕುತ್ತದೆಂದು ತಿಳಿದ ಅಜ್ಜನು ನಮ್ಮನ್ನು ನೇರವಾಗಿ ಹಳ್ಳಕ್ಕೆ ಇಳಿಸಿದನು. ಅವನ ಲೆಕ್ಕ ತಪ್ಪಿರಲಿಲ್ಲ. ಹಳ್ಳದ ಒಂದು ಮಡುವು ಇನ್ನೂ ಕದಡಿಕೊಂಡಿತ್ತು. ಹಂದಿ ಅದರಲ್ಲಿ ಮುಳುಗಿ, ನೀರಿನಲ್ಲಿಯೇ ನಡೆದು ಜಾಡನ್ನು ಅಳಿಸಿಹೋಗಿತ್ತು. ಸಿಪಾಯಿಯು ದಡದ ಮೇಲೆ ಏದುಸಿರು ಬಿಡುತ್ತ ನಿಂತಿತ್ತು. ನಾಲಿಗೆ ಒಂದು ಗೇಣು ಹೊರಗೆ. ಗೌರಿ ಮಾತ್ರ ಒಂದು ದಡವನ್ನು ಮೂಸಿ, ಈಜಿ ಇನ್ನೊಂದು ದಡವನ್ನು ಮೂಸಿ, ಮತ್ತೆ ಈಚೆಗೆ ಬಂದು, ಸುಮಾರು ಅರ್ಧ ಗಂಟೆ ಹುಡುಕಿತು. ಕೊನೆಗೆ ನೀರಿನಿಂದ ಎರಡು ಮೊಳ ಮೇಲಿದ್ದ ಜರೀಗಿಡದ ಎಲೆಯೊಂದನ್ನು ಮೂಸಿ ಬಾಲವನ್ನಾಡಿಸಿತು. ಹತ್ತಿರ ಹೋಗಿ ನೋಡಿದರೆ ಎಲೆಗೆ ಹಸಿ ಕೆಸರು ಒರಸಿತ್ತು.

ಅಲ್ಲಿ ಉಳಿದವರಲ್ಲಿ ಹಲವರು ಕೈಬಿಟ್ಟರು. ಮನೆಯಲ್ಲಿ ಕೊಯ್ಲಿನ ಕೆಲಸವಿತ್ತು. ಹಂದಿ ನಮ್ಮ ಗದ್ದೆಯಿಂದ ಆರೇಳು ಮೈಲಿ ದೂರ ಹೋಗಿತ್ತು. "ಇನ್ನು ಈ ವರ್ಷ ಇತ್ತ ತಲೆ ಹಾಕುವುದಿಲ್ಲ, ಬಿಡಿ" ಎಂದರು. ಆ ಮಾತು ಸರಿಯಾಗಿಯೇ ಇತ್ತು. ಆದರೆ ನಾಯಿಗಳು ಆಗಲೇ ಮುಂದೆ ಹೋಗಿದ್ದವು. ಹಂದಿಯನ್ನು ಬಿಡಬಹುದು, ನಾಯಿಗಳನ್ನು ಬಿಡುವುದು ಹೇಗೆ? ಅಜ್ಜನು ಯಾರ ಒಪ್ಪಿಗೆಯನ್ನೂ ಕೇಳದೆ ಏರನ್ನು ಹತ್ತತೊಡಗಿದನು. ಚಿಕ್ಕಯ್ಯ ಹೊರಟರು. ನನ್ನನ್ನು ಮನೆಗೆ ಹೋಗೆಂದರು, ನಾನು ಹೋಗಲಿಲ್ಲ. ನಾಯಿಗಳ ಮೇಲಿನ ಪ್ರೀತಿಯಿಂದ ಎಂದು ಅವರು ತಿಳಿದಿರಬೇಕು. ಮನೆಗೆ ಹೋಗಿ ಕುಳಿತರೆ ನನ್ನ ಬಾಯಿಂದ ಸತ್ಯ ಹೊರಬಿದ್ದೀತೆಂಬ ಹೆದರಿಕೆಯೇ ನನ್ನನ್ನು ಅವರ ಹಿಂದೆ ಎಳೆಯುತ್ತಿತ್ತು.

ಸಂಜೆ ಇಳಿಬಿಸಿಲಿನ ಹೊತ್ತಿನಲ್ಲಿ, ಕೊಲ್ಲಿಯೊಂದರ ತಲೆಯಲ್ಲಿ, ಆ ಬಡಿಗೆ ಬಡಿದಂತಹ ಬೊಗಳು ಕೇಳಿಸಿತು. ಎರಡೇ ಕೊರಳು. ನಾವು ಬಿದ್ದು ಎದ್ದು ಓಡಿದೆವು. ಅರೆಯ ಬುಡದಲ್ಲಿ, ಬೆನ್ನನ್ನು ಕಲ್ಲಿಗೆ ಕೊಟ್ಟು, ಒಂಟಿಗ ನಿಂತಿತ್ತು. ಬೆಳಗಿನಿಂದ ಅದರ ಬೆನ್ನಿಗಿದ್ದರೂ ನಾನು ಅದನ್ನು ಸರಿಯಾಗಿ ನೋಡಿದುದು ಆಗಲೇ. ಬಾಯಿಯ ಸುತ್ತ ನೊರೆ, ಸೆಟೆದು ನಿಂತ ಬೆನ್ನಿನ ಕೂದಲು, ಒಂದಕ್ಕೊಂದು ಕಟಕಟ ತಾಗುವ ಕೋರೆಗಳು. ಅದೂ ನಮ್ಮಷ್ಟೇ ದಣಿದಿತ್ತು. ಅದರ ಕಣ್ಣಿನಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಾಗಿ ಕಂಡಂತೆ ಈಗ ನೆನಪಾಗುತ್ತದೆ.

ಚಿಕ್ಕಯ್ಯ ಕೋವಿಯೆತ್ತಿದರು, ಇಳಿಸಿದರು. ನಾಯಿಗಳು ಅಡ್ಡವಿದ್ದವು. ಗೌರಿ ದೂರ ನಿಂತು ಬೊಗಳುತ್ತಿತ್ತು. ನಮ್ಮನ್ನು ಕಂಡ ಸಿಪಾಯಿಗೆ ಹುರುಪು ಬಂದಿರಬೇಕು. ಅದು ಒಮ್ಮೆಲೇ ನುಗ್ಗಿ ಹಂದಿಯ ಕಿವಿಯನ್ನು ಕಚ್ಚಿ ಹಿಡಿಯಿತು. ಹಂದಿ ತಲೆಯನ್ನು ಒದರಿತು, ಒಂದು ಸಲ, ಎರಡು ಸಲ. ಸಿಪಾಯಿ ಬಿಡಲಿಲ್ಲ. ಮೂರನೆಯ ಸಲಕ್ಕೆ ಅದು ಕೊಡವಿದ ಬಟ್ಟೆಯಂತೆ ಗಾಳಿಯಲ್ಲಿ ಹೋಗಿ ಬಿದ್ದಿತು. ಆ ಗಳಿಗೆಯಲ್ಲಿ ಕೋವಿ ಹಾರಿತು. ಹಂದಿ ಎರಡು ಹೆಜ್ಜೆ ನಮ್ಮ ಕಡೆಗೆ ಬಂದು, ಮೊಣಕಾಲೂರಿ, ಪಕ್ಕಕ್ಕೆ ವಾಲಿತು.

ಸಿಪಾಯಿಯ ಎದೆಯಿಂದ ಹೊಟ್ಟೆಯವರೆಗೆ ಸೀಳಿತ್ತು. ಅಜ್ಜನು ಸೂಜಿಯನ್ನು ತೆಗೆದು ಹೊಲಿದನು. ಬೋಳನಿಗೆ ಹೊಲಿದ ಕೈ ಅದೇ. ಆದರೆ ಈಗ ಅದು ನಡುಗುತ್ತಿತ್ತು. ಹೊಲಿದು ಮುಗಿಸಿ, ತಲೆಯ ರುಮಾಲನ್ನು ಬಿಚ್ಚಿ ಗಾಯಕ್ಕೆ ಸುತ್ತಿದನು.

ಕತ್ತಲಾಗುತ್ತಿತ್ತು. ಅಷ್ಟು ದೊಡ್ಡ ಹಂದಿಯನ್ನು ಮೂವರು ಹೊರುವುದು ಸಾಧ್ಯವಿಲ್ಲ. ಬಿಟ್ಟು ಹೋದರೆ ಬೆಳಗಾಗುವುದರೊಳಗೆ ಮತ್ತೊಂದು ಮೃಗದ ಪಾಲಾಗಬಹುದು. ಒಬ್ಬರು ಬೆಂಕಿ ಹಾಕಿಕೊಂಡು ಕಾಯುವುದು, ಇಬ್ಬರು ಹೋಗಿ ಜನ ತರುವುದು ಎಂದು ಚಿಕ್ಕಯ್ಯ ಲೆಕ್ಕ ಹಾಕಿದರು. "ನಾಯಿ ಹ್ಯಾಗೂ ಉಳಿಯಲಿಕ್ಕಿಲ್ಲ" ಎಂದು ಮೆಲ್ಲಗೆ ಹೇಳಿದರು. ಅವರು ಕಠಿಣರಾಗಿ ಹೇಳಿದ ಮಾತಲ್ಲ. ಹತ್ತು ಮನೆಯವರು ಪಾಲಿಗೆ ಕಾದಿದ್ದರು.

"ಹಂದಿ ಕಾದುಕೊಂಡಿರ್ತದೆ ಒಡೆಯಾ" ಎಂದನು ಅಜ್ಜನು. ಅಷ್ಟೇ ಹೇಳಿ, ತನ್ನ ಕಂಬಳಿಯನ್ನು ಹಾಸಿ ಸಿಪಾಯಿಯನ್ನು ಮಲಗಿಸಿ, ಎರಡು ತುದಿಗಳನ್ನು ಗಂಟುಹಾಕಿ, ಒಂದು ಗಳುವನ್ನು ಕಡಿದು ತೂರಿಸಿದನು. ಚಿಕ್ಕಯ್ಯ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಸೊಪ್ಪು ಕಡಿದು ಹಂದಿಯ ಮೇಲೆ ಮುಚ್ಚಿ, ಸೂಡಿ ಕಟ್ಟಿ ಹೊತ್ತಿಸಿಕೊಂಡು ದಾರಿ ತೋರಿಸುತ್ತ ಮುಂದೆ ನಡೆದರು. ಗಳುವಿನ ಮುಂದಿನ ತುದಿ ಅಜ್ಜನ ಹೆಗಲಿನ ಮೇಲೆ. ಹಿಂದಿನ ತುದಿ ನನ್ನದು.

ಎಷ್ಟು ದೂರ ನಡೆದೆವೋ ತಿಳಿಯದು. ಕಂಬಳಿಯೊಳಗಿನಿಂದ ಸಿಪಾಯಿಯ ಉಸಿರು ನನಗೆ ಕೇಳಿಸುತ್ತಿತ್ತು. ಗೌರಿ ನಮ್ಮ ಕಾಲಿನ ಬಳಿಯಲ್ಲಿಯೇ ಬರುತ್ತಿತ್ತು. ಬ್ಯಾಣದ ಏರಿನಲ್ಲಿ ನಾನು ತಡೆಯಲಾರದೆ ಹೇಳಿಬಿಟ್ಟೆನು:

"ಅಜ್ಜಾ, ನೀನು ಕೂ ಹಾಕುವ ಮೊದಲೇ ನಾನು ಹಗ್ಗ ಬಿಟ್ಟೆ."

ಅಜ್ಜನು ತಿರುಗಿ ನೋಡಲಿಲ್ಲ. ಹೆಜ್ಜೆಯನ್ನೂ ನಿಧಾನಿಸಲಿಲ್ಲ.

"ಗೊತ್ತು ಸಣ್ಣಯ್ಯಾ. ಗೌರಿ ಕೊರಳು ಕೇಳಿದಾಗ ನಾ ಇನ್ನೂ ಹಳ್ಳದ ಆಚೆ ಇದ್ದೆ. ಗಳು ಸ್ವಲ್ಪ ಮೇಲೆತ್ತಿ ಹಿಡೀರಿ. ಅದರ ತಲೆ ನೆಲಕ್ಕೆ ತಾಗ್ತದೆ."

ಬೆಳಗಿನಿಂದಲೂ ಅವನಿಗೆ ಗೊತ್ತಿತ್ತು! ಹತ್ತು ಮಂದಿಯ ಎದುರಿನಲ್ಲಿ ಹಂದಿಯನ್ನು ಬಯ್ಯುವಾಗಲೂ ಗೊತ್ತಿತ್ತು. ನಾನು ಗಳುವನ್ನು ಮೇಲೆತ್ತಿ ಹಿಡಿದೆನು. ಅಳುತ್ತಿದ್ದುದರಿಂದ ದಾರಿ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಮನೆಯ ದಣಪೆಯನ್ನು ದಾಟುವವರೆಗೆ ಸಿಪಾಯಿಗೆ ಜೀವವಿತ್ತು. ಅಂಗಳದಲ್ಲಿ ಕಂಬಳಿಯನ್ನು ಇಳಿಸಿದಾಗ ಬಾಲವನ್ನು ಒಂದು ಸಲ ಅಲ್ಲಾಡಿಸಿತೆಂದು ಅಮ್ಮ ಹೇಳುತ್ತಿದ್ದರು, ನಾನು ನೋಡಲಿಲ್ಲ. ಬೆಳ್ಳಿ ಮೂಡುವ ಮೊದಲೇ ಅದು ಸತ್ತಿತು. ಅಜ್ಜನು ತೋಟದ ಅಂಚಿನ ಹಲಸಿನ ಮರದ ಬುಡದಲ್ಲಿ ಗುಂಡಿ ತೆಗೆದು ಹೂಳಿ, ಮೇಲೆ ಒಂದು ಕಾಡುಗಲ್ಲನ್ನು ಇಟ್ಟನು. ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ.

ಮರುದಿನ ಜನ ಹೋಗಿ ಹಂದಿಯನ್ನು ಹೊತ್ತು ತಂದರು. ಅದನ್ನು ಯಾವ ಮೃಗವೂ ಮುಟ್ಟಿರಲಿಲ್ಲ. ಪದ್ಧತಿಯಂತೆ ಪಾಲು ಹಾಕಿದರು: ಈಡು ಹೊಡೆದವರಿಗೊಂದು, ಸೋವಿನವರಿಗೊಂದು, ನಾಯಿಗಳಿಗೊಂದು. ನಾಯಿಗಳ ಪಾಲನ್ನು ಅಜ್ಜನು ಅನ್ನದೊಡನೆ ಬೇಯಿಸಿ ಗೌರಿಗೂ ಬೋಳನಿಗೂ ಮರಿಗಳಿಗೂ ಹಾಕಿದನು. ತನ್ನ ಪಾಲನ್ನು ನೆರೆಮನೆಗೆ ಕೊಟ್ಟು ಕಳಿಸಿ, ಆ ದಿನ ಗಂಜಿಯೂಟ ಮಾಡಿದನು. ನಾನು ಹಗ್ಗ ಬಿಟ್ಟ ವಿಷಯ ಅವನ ಬಾಯಿಂದ ಯಾರಿಗೂ ತಿಳಿಯಲಿಲ್ಲ. ಚಿಕ್ಕಯ್ಯನವರಿಗೆ ನಾನೇ ಹೇಳಿದೆನು. ಅದಕ್ಕೆ ನಾಲ್ಕು ದಿನ ಹಿಡಿಯಿತು.

ಹದಿನೈದು ದಿನಗಳಾದ ಮೇಲೆ ಕೆಳಗಿನ ಮನೆಯವರ ಗದ್ದೆಗೆ ಹಂದಿಯ ಗುಂಪು ಬಿದ್ದಿತೆಂದು ಕರೆ ಬಂದಿತು. ಕೋವಿಯನ್ನು ಗೂಟದಿಂದ ಇಳಿಸಿದ ಶಬ್ದಕ್ಕೆ ಗೌರಿ ಎದ್ದು ನಿಂತಿತು. ನಾನು ಜಗಲಿಯ ಕಂಬದ ಹಿಂದೆ ನಿಂತಿದ್ದೆನು. ಅಜ್ಜನು ಅಂಗಳದಲ್ಲಿ ಕುಳಿತು ಗೌರಿಯ ಕೊರಳಪಟ್ಟಿಯ ಬಳೆಯೊಳಗೆ ಹಗ್ಗವನ್ನು ತೂರಿಸಿದನು. ಎರಡು ತುದಿಗಳನ್ನೂ ಸೇರಿಸಿ ಹಿಡಿದು, ಅತ್ತಿತ್ತ ನೋಡಿ, "ಸಣ್ಣಯ್ಯಾ, ಎಲ್ಲಿದ್ದೀರಿ?" ಎಂದು ಕರೆದು, ನನ್ನ ಕಡೆಗೆ ನೀಡಿದನು.